ಹಿಂಬದಿ ಮೊದಲು ಓದಿ: ಬ್ರಿಟಿಷ್ ನ್ಯೂ ವೇವ್, ಆರ್ಟ್ ರಾಕ್ ಬ್ಯಾಂಡ್‌ಗಳ ಸಂಕಲನ ಮತ್ತು ಲೈವ್ ಆಲ್ಬಂ ಆರಿಸಿಕೊಳ್ಳುವ ಬಗೆ

ರಾಕ್ ಕೇಳುವವರಲ್ಲಿ ಒಂದು ಹಳೆಯ ಗತ್ತು ಇದೆ. 'ಬೆಸ್ಟ್ ಆಫ್' ಕೇಳುವವನು ಅರೆಬರೆ ಕೇಳುಗ, ಲೈವ್ ಆಲ್ಬಂ ಕೊಳ್ಳುವವನು ದುಡ್ಡು ಹೆಚ್ಚಾದವನು, ನಿಜವಾದ ಅಭಿಮಾನಿ ಸ್ಟುಡಿಯೋ ಆಲ್ಬಂ ಬಿಟ್ಟು ಬೇರೆ ಮುಟ್ಟುವುದಿಲ್ಲ ಅಂತ. ಬೇರೆಯವರ ವಿಷಯ ಏನೇ ಇರಲಿ, 1972ರಿಂದ 1990ರ ಆಸುಪಾಸಿನ ಬ್ರಿಟಿಷ್ ಬ್ಯಾಂಡ್‌ಗಳ ಮಟ್ಟಿಗೆ ಈ ಮಾತು ನಡೆಯುವುದಿಲ್ಲ. ಸೂಸಿ ಅಂಡ್ ದ ಬ್ಯಾನ್‌ಶೀಸ್‌ಗೆ ಹೆಸರು ತಂದ ಹಾಡು ಅವರ ಮೊದಲ ಆಲ್ಬಂನಲ್ಲಿ ಇಲ್ಲ. ಜಾಯ್ ಡಿವಿಷನ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವ ಹಾಡು ಅವರ ಎರಡು ಸ್ಟುಡಿಯೋ ಆಲ್ಬಂಗಳಲ್ಲಿ ಯಾವುದರಲ್ಲೂ ಇಲ್ಲ. ಸಂಕಲನವನ್ನು ಕಡೆಗಣಿಸಿದರೆ ಇಂಥ ಹಾಡುಗಳೇ ಕೈತಪ್ಪುತ್ತವೆ.

ಹಾಗಂತ ಸಿಕ್ಕಿದ್ದನ್ನೆಲ್ಲ ಕೊಳ್ಳುವ ಹಾಗೂ ಇಲ್ಲ. ಬ್ಯಾಂಡ್ ತಾನೇ ಕೂತು ಜೋಡಿಸಿದ ಸಂಕಲನವೂ, ಬಿಟ್ಟುಬಂದ ಕಂಪನಿ ಹಗೆ ತೀರಿಸಿಕೊಂಡಂತೆ ಹೊರತಂದ ಸಂಕಲನವೂ ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಕೂತಿರುತ್ತವೆ. ವೇದಿಕೆಯಲ್ಲಿ ನಡೆದದ್ದನ್ನು ಇದ್ದಂತೆ ಕೊಡುವ ಲೈವ್ ಆಲ್ಬಂ ಇದೆ, ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಚಪ್ಪಾಳೆ ಸೇರಿಸಿದ್ದೂ ಇದೆ. ಮುಂಬದಿಯ ಚಿತ್ರ ನೋಡಿದರೆ ಇದ್ಯಾವುದೂ ತಿಳಿಯುವುದಿಲ್ಲ. ಕವರಿನ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಬಹುಪಾಲು ತಿಳಿಯುತ್ತದೆ. ಈ ಬರಹ ಆ ಸಣ್ಣ ಅಕ್ಷರವನ್ನು ಓದುವ ಬಗ್ಗೆ.

ಆರ್ಟ್ ರಾಕ್, ನ್ಯೂ ವೇವ್ ಎಂಬ ಪಟ್ಟಿಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ರಾಕ್ಸಿ ಮ್ಯೂಸಿಕ್, ಬ್ರಯಾನ್ ಈನೋ, ಕಿಂಗ್ ಕ್ರಿಮ್ಸನ್, ಪೀಟರ್ ಗೇಬ್ರಿಯಲ್ ಒಂದು ಕಡೆ. ಪಂಕ್ ಆದಮೇಲೆ ಬಂದ ಮ್ಯಾಗಝೀನ್, ವೈರ್, ಎಕ್ಸ್‌ಟಿಸಿ, ಬ್ಯಾನ್‌ಶೀಸ್, ಕ್ಯೂರ್, ಜಪಾನ್, ಟಾಕ್ ಟಾಕ್ ಇನ್ನೊಂದು ಕಡೆ. ಎರಡನೆಯ ಗುಂಪಿನ ಅರ್ಧಕ್ಕರ್ಧ ಮಂದಿ ಮೊದಲನೆಯ ಗುಂಪನ್ನು ಕೇಳಿ ಬೆಳೆದವರು. ಹಾಗಾಗಿ ಒಟ್ಟಿಗೇ ನೋಡೋಣ.

ಹೆಜ್ಜೆ 1: ಆಲ್ಬಂನಲ್ಲಿ ಇಲ್ಲದ ಹಾಡುಗಳನ್ನು ಮೊದಲು ಗುರುತು ಹಾಕಿಕೊಳ್ಳಿ

ಬ್ರಿಟನ್ನಿನಲ್ಲಿ 60ರ ದಶಕದಿಂದಲೂ ಒಂದು ಪದ್ಧತಿ ಇತ್ತು. ಬದಿಗೊಂದು ಹಾಡಿನ ಏಳಿಂಚಿನ ಪುಟ್ಟ ರೆಕಾರ್ಡ್, ಅಂದರೆ ಸಿಂಗಲ್ ಬೇರೆ, ಆಲ್ಬಂ ಬೇರೆ. ಸಿಂಗಲ್ಲಿಗೆ ಒಮ್ಮೆ ದುಡ್ಡು ಕೊಟ್ಟ ಹುಡುಗ ಅದೇ ಹಾಡಿಗೆ ಆಲ್ಬಂನಲ್ಲಿ ಮತ್ತೆ ದುಡ್ಡು ಕೊಡುವುದು ಸರಿಯಲ್ಲ ಎಂಬ ಮರ್ಯಾದೆ ಅದರ ಹಿಂದಿತ್ತು. ರಾಕ್ಸಿ ಮ್ಯೂಸಿಕ್‌ನ ಮೊದಲ ಆಲ್ಬಂ ಬಂದದ್ದು 1972ರ ಜೂನ್‌ನಲ್ಲಿ. ಅವರನ್ನು ಮನೆಮಾತಾಗಿಸಿದ 'ವರ್ಜೀನಿಯಾ ಪ್ಲೇನ್' ಬಂದದ್ದು ಆಗಸ್ಟ್‌ನಲ್ಲಿ, ಬರೀ ಸಿಂಗಲ್ ಆಗಿ. ಆಲ್ಬಂನ ಮುಂದಿನ ಮುದ್ರಣಗಳಲ್ಲಿ ಅದನ್ನು ತುರುಕಿದ್ದಾರೆ, ಮೂಲ ಬ್ರಿಟಿಷ್ ಎಲ್‌ಪಿಯಲ್ಲಿ ಅದಿರಲಿಲ್ಲ. 1973ರ 'ಪೈಜಾಮರಾಮಾ' ಕೂಡ ಸಿಂಗಲ್ ಮಾತ್ರ. ಜಾನ್ ಲೆನನ್ ನೆನಪಿಗೆ ಹಾಡಿದ 'ಜೆಲಸ್ ಗೈ' 1981ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದೂ ಯಾವ ಸ್ಟುಡಿಯೋ ಆಲ್ಬಂಗೂ ಸೇರಿದ್ದಲ್ಲ. ಅಂದರೆ ಅವರ ಎಂಟು ಸ್ಟುಡಿಯೋ ಆಲ್ಬಂಗಳನ್ನು ಮೂಲ ರೂಪದಲ್ಲಿ ಕೇಳಿ ಮುಗಿಸಿದವನು ಈ ಮೂರನ್ನೂ ಕೇಳಿರುವುದಿಲ್ಲ.

ಕೆಲಸ ಹೇಗೆ ಮಾಡಬೇಕು ಅನ್ನುವುದಕ್ಕೆ ಬ್ಯಾನ್‌ಶೀಸ್‌ನ 1981ರ ಸಂಕಲನ 'ವನ್ಸ್ ಅಪಾನ್ ಎ ಟೈಮ್: ದ ಸಿಂಗಲ್ಸ್' ತೆಗೆದುಕೊಳ್ಳಿ. ಅದರಲ್ಲಿ ಹತ್ತು ಹಾಡು, ಕಾಲಾನುಕ್ರಮದಲ್ಲಿ. ಪಕ್ಕದಲ್ಲಿ ಅವರ ಮೊದಲ ನಾಲ್ಕು ಆಲ್ಬಂಗಳ ಟ್ರ್ಯಾಕ್ ಪಟ್ಟಿ ಇಟ್ಟುಕೊಂಡು ಒಂದೊಂದಾಗಿ ಹೊಡೆದುಹಾಕುತ್ತಾ ಬನ್ನಿ. 'ಮಿರಾಜ್' ಮೊದಲ ಆಲ್ಬಂ 'ದ ಸ್ಕ್ರೀಮ್'ನದು, 'ಪ್ಲೇಗ್ರೌಂಡ್ ಟ್ವಿಸ್ಟ್' ಎರಡನೆಯದು, 'ಹ್ಯಾಪಿ ಹೌಸ್', 'ಕ್ರಿಸ್ಟೀನ್' ಮೂರನೆಯದು, 'ಸ್ಪೆಲ್‌ಬೌಂಡ್', 'ಅರೇಬಿಯನ್ ನೈಟ್ಸ್' ನಾಲ್ಕನೆಯದು. ಉಳಿದದ್ದು ನಾಲ್ಕು: 'ಹಾಂಗ್‌ಕಾಂಗ್ ಗಾರ್ಡನ್', 'ದ ಸ್ಟೇರ್‌ಕೇಸ್', 'ಲವ್ ಇನ್ ಎ ವಾಯ್ಡ್', 'ಇಸ್ರೇಲ್'. ಹತ್ತರಲ್ಲಿ ನಾಲ್ಕು ಹಾಡಿಗೆ ಬೇರೆ ಮನೆಯೇ ಇಲ್ಲ. ಈ ಸಂಕಲನ ಬೇಕೇ ಬೇಡವೇ ಎಂದು ಇನ್ನು ಯಾರನ್ನೂ ಕೇಳಬೇಕಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಸ್ಟ್ರೀಮಿಂಗ್‌ನಲ್ಲಿ ಕೇಳುವವರಾದರೆ ಈ ನಾಲ್ಕನ್ನು ಅವುಗಳ ಜಾಗದಲ್ಲಿ ಸೇರಿಸಿ ಪ್ಲೇಲಿಸ್ಟ್ ಮಾಡಿಕೊಳ್ಳಿ. 'ಹಾಂಗ್‌ಕಾಂಗ್ ಗಾರ್ಡನ್' ಮೊದಲ ಆಲ್ಬಂಗೆ ಮುಂಚೆ, 'ಸ್ಟೇರ್‌ಕೇಸ್' ಮೊದಲ ಮತ್ತು ಎರಡನೆಯ ಆಲ್ಬಂ ನಡುವೆ, 'ಇಸ್ರೇಲ್' 1980ರ 'ಕೆಲಿಡೋಸ್ಕೋಪ್' ಮುಗಿದು 1981ರ 'ಜುಜು' ಶುರುವಾಗುವ ಮುನ್ನ. ಕೊನೆಯದ್ದನ್ನು ಹಾಗೆ ಕೇಳಿದಾಗ 'ಜುಜು'ವಿನ ಕಪ್ಪು ಗಿಟಾರ್ ಎಲ್ಲಿಂದ ಬಂತು ಅನ್ನುವುದು ಕಿವಿಗೇ ಗೊತ್ತಾಗುತ್ತದೆ.

ಈ ಜಾತಿಯ ಸಂಕಲನಗಳಲ್ಲಿ ನನ್ನ ಮಟ್ಟಿಗೆ ಅಂದದ್ದು ಬಝ್‌ಕಾಕ್ಸ್‌ನ 'ಸಿಂಗಲ್ಸ್ ಗೋಯಿಂಗ್ ಸ್ಟೆಡಿ'. ಮೊದಲು 1979ರಲ್ಲಿ ಅಮೆರಿಕದವರಿಗೆಂದು ಹೊರಟಿತು, ಬ್ರಿಟನ್ನಿನಲ್ಲಿ ಬಂದದ್ದು 1981ರಲ್ಲಿ. ಎಂಟು ಸಿಂಗಲ್, ಹದಿನಾರು ಹಾಡು. ಮೊದಲ ಬದಿಯಲ್ಲಿ ಎಂಟು ಎ-ಸೈಡ್ (ಸಿಂಗಲ್ಲಿನ ಮುಖ್ಯ ಹಾಡು) ಸಾಲಾಗಿ, ಎರಡನೆಯ ಬದಿಯಲ್ಲಿ ಅವುಗಳ ಬಿ-ಸೈಡ್ (ಹಿಂಬದಿಯ ಹಾಡು) ಅದೇ ಕ್ರಮದಲ್ಲಿ. ಇಷ್ಟು ಸರಳ ಯೋಚನೆ ಆಮೇಲೆ ಹೆಚ್ಚು ಜನಕ್ಕೆ ಹೊಳೆಯಲಿಲ್ಲ ಯಾಕೋ.

ಹೆಜ್ಜೆ 2: ಯಾರು ಹೊರತಂದದ್ದು, ಯಾವಾಗ?

ಹಿಂಬದಿಯಲ್ಲಿ ಲೇಬಲ್ಲಿನ ಹೆಸರು ಮತ್ತು ವರ್ಷ ನೋಡಿ. ಆ ವರ್ಷದಲ್ಲಿ ಬ್ಯಾಂಡ್ ಅದೇ ಲೇಬಲ್ಲಿನಲ್ಲಿ ಇತ್ತೇ? ಇಲ್ಲವಾದರೆ ಅದು ಬಿಟ್ಟುಬಂದ ಮನೆಯವರು ಹೊರತಂದ ಸಂಕಲನ. ಹೊಸ ಕಂಪನಿಯಲ್ಲಿ ಬ್ಯಾಂಡ್ ಮೇಲೇಳುತ್ತಿರುವಾಗ ಹಳೆಯ ಕಂಪನಿ ತನ್ನ ಬಳಿ ಇರುವ ಟೇಪುಗಳನ್ನು ಒಟ್ಟು ಮಾಡಿ ಮಾರುಕಟ್ಟೆಗೆ ಬಿಡುವುದು ಆಗ ಮಾಮೂಲಿ. ಜಪಾನ್ ಬ್ಯಾಂಡ್ ಹ್ಯಾನ್ಸಾ ಬಿಟ್ಟು ವರ್ಜಿನ್ ಸೇರಿದ ಮೇಲೆ 1981ರಲ್ಲಿ ಹ್ಯಾನ್ಸಾ 'ಅಸೆಂಬ್ಲೇಜ್' ತಂದಿತು. ಸಿಂಪಲ್ ಮೈಂಡ್ಸ್ ವರ್ಜಿನ್‌ಗೆ ಹೋದ ಮೇಲೆ 1982ರಲ್ಲಿ ಅರಿಸ್ಟಾ 'ಸೆಲೆಬ್ರೇಷನ್' ತಂದಿತು. ಅಲ್ಟ್ರಾವಾಕ್ಸ್‌ನ 'ತ್ರೀ ಇಂಟು ವನ್' 1980ರದು, ಐಲ್ಯಾಂಡ್ ಲೇಬಲ್. ಅದರಲ್ಲಿರುವುದು ಜಾನ್ ಫಾಕ್ಸ್ ಹಾಡಿದ ಮೊದಲ ಮೂರು ಆಲ್ಬಂಗಳ ಕಾಲದ ಹಾಡುಗಳು. ಮಿಡ್ಜ್ ಯೂರ್ ಹಾಡಿದ 'ವಿಯೆನ್ನಾ' ಕೇಳಿ ಮರುಳಾಗಿ, ಅಲ್ಟ್ರಾವಾಕ್ಸ್ ಎಂಬ ಹೆಸರು ನೋಡಿ ಇದನ್ನು ಕೊಂಡರೆ ಬೇರೆಯದೇ ಬ್ಯಾಂಡ್ ಕೇಳಿದ ಹಾಗಾಗುತ್ತದೆ. ಆ ಬ್ಯಾಂಡೂ ಚೆನ್ನಾಗಿದೆ ಅನ್ನುವುದು ಬೇರೆ ಮಾತು.

ಹಳೆ ಮನೆಯ ಸಂಕಲನ ಅಂದ ಮಾತ್ರಕ್ಕೆ ಎಸೆಯಬೇಡಿ. 'ಅಸೆಂಬ್ಲೇಜ್'ನಲ್ಲಿ ಡಿಸ್ಕೋ ನಿರ್ಮಾಪಕ ಜಾರ್ಜಿಯೋ ಮೊರೊಡರ್ ಜೊತೆ 1979ರಲ್ಲಿ ಮಾಡಿದ 'ಲೈಫ್ ಇನ್ ಟೋಕಿಯೋ' ಇದೆ, ಅದು ಆಲ್ಬಂಗೆ ಸೇರದೇ ಉಳಿದ ಸಿಂಗಲ್. ಮೊದಲ ಹೆಜ್ಜೆಯ ಪರೀಕ್ಷೆಯನ್ನು ಇಲ್ಲೂ ಮಾಡಿ. ಬೇರೆಡೆ ಸಿಗದ ಹಾಡು ಇದ್ದರೆ ಕೊಳ್ಳಿ, ಇಲ್ಲದಿದ್ದರೆ ಬಿಡಿ.

ಈ ಹಗ್ಗಜಗ್ಗಾಟ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಟಾಕ್ ಟಾಕ್ ಕಥೆ ಸಾಕು. 1988ರಲ್ಲಿ ಅವರು 'ಸ್ಪಿರಿಟ್ ಆಫ್ ಈಡನ್' ಮಾಡಿದರು. ಸಿಂಥ್-ಪಾಪ್ ಹಿಟ್‌ಗಳ ಬ್ಯಾಂಡು ಮೌನ, ಹಾರ್ಮೋನಿಕಾ, ಆರ್ಗನ್‌ಗಳ ಕಡೆಗೆ ಹೊರಳಿದ ಆಲ್ಬಂ ಅದು. ಇಎಂಐಗೆ ಅದನ್ನು ಹೇಗೆ ಮಾರಬೇಕೋ ತಿಳಿಯಲಿಲ್ಲ, ಎರಡೂ ಕಡೆಯವರ ಸಂಬಂಧ ಹಳಸಿತು, ಬ್ಯಾಂಡ್ ಹೊರಬಂತು. 1990ರಲ್ಲಿ ಕಂಪನಿ 'ನ್ಯಾಚುರಲ್ ಹಿಸ್ಟರಿ' ಎಂಬ ಸಂಕಲನ ತಂದಾಗ ಅದು ಬ್ರಿಟಿಷ್ ಚಾರ್ಟಿನಲ್ಲಿ 3ನೇ ಸ್ಥಾನ ತಲುಪಿತು. ಬ್ಯಾಂಡಿನ ಯಾವ ಸ್ಟುಡಿಯೋ ಆಲ್ಬಂ ಕೂಡ ಅಷ್ಟು ಮೇಲೆ ಹೋಗಿರಲಿಲ್ಲ. ಆಸೆ ಹೆಚ್ಚಿತು. 1991ರಲ್ಲಿ ಅದೇ ಹಾಡುಗಳನ್ನು ಬೇರೆಯವರ ಕೈಲಿ ಡಾನ್ಸ್ ಹಾಡುಗಳಾಗಿ ರೀಮಿಕ್ಸ್ ಮಾಡಿಸಿ 'ಹಿಸ್ಟರಿ ರೀವಿಸಿಟೆಡ್' ಎಂದು ಬಿಟ್ಟರು, ಬ್ಯಾಂಡಿನ ಒಪ್ಪಿಗೆ ಇಲ್ಲದೆ. ಬ್ಯಾಂಡಿನ ಗಾಯಕ ಮಾರ್ಕ್ ಹಾಲಿಸ್ ಮತ್ತು ಗೆಳೆಯರು ಕೋರ್ಟಿಗೆ ಹೋದರು; ಉಳಿದ ಪ್ರತಿಗಳನ್ನು ವಾಪಸು ತರಿಸಿ ನಾಶ ಮಾಡಬೇಕಾಯಿತು. ಹಾಗಾಗಿ ಟಾಕ್ ಟಾಕ್ ವಿಷಯದಲ್ಲಿ ನನ್ನ ಸಲಹೆ ಹೀಗೆ: 'ನ್ಯಾಚುರಲ್ ಹಿಸ್ಟರಿ' ಧಾರಾಳವಾಗಿ ಕೇಳಿ, ಅದು ಒಳ್ಳೆಯ ಬಾಗಿಲು. 'ರೀವಿಸಿಟೆಡ್' ಕಂಡರೆ ಕುತೂಹಲದ ವಸ್ತು ಎಂದು ಇಟ್ಟುಕೊಳ್ಳಬಹುದು, ಬ್ಯಾಂಡನ್ನು ಅದರಿಂದ ಅಳೆಯಬೇಡಿ.

ಹೆಜ್ಜೆ 3: ಹಾಡಿನ ಹೆಸರಲ್ಲ, ಹಾಡಿನ ಅವಧಿ ನೋಡಿ

ಹೆಸರು ಒಂದೇ ಇದ್ದರೂ ರೆಕಾರ್ಡಿಂಗ್ ಬೇರೆ ಇರುತ್ತದೆ. ಆಲ್ಬಂ ರೂಪ, ಏಳಿಂಚಿನ ಕತ್ತರಿಸಿದ ರೂಪ, ಹನ್ನೆರಡಿಂಚಿನ ಉದ್ದ ರೂಪ, ರೇಡಿಯೋ ರೂಪ, ಮತ್ತೆ ಹಾಡಿಸಿದ ರೂಪ. ಇವುಗಳಲ್ಲಿ ಯಾವುದು ನಿಮ್ಮ ಕೈಲಿದೆ ಎಂದು ತಿಳಿಯಲು ನಿಮಿಷ-ಸೆಕೆಂಡ್ ನೋಡುವುದಕ್ಕಿಂತ ಸುಲಭ ದಾರಿ ಇಲ್ಲ. ನ್ಯೂ ಆರ್ಡರ್‌ನ 'ಬ್ಲೂ ಮಂಡೇ' ಏಳೂವರೆ ನಿಮಿಷದ ಹತ್ತಿರ ಇದ್ದರೆ 1983ರ ಮೂಲ. ನಾಲ್ಕು ನಿಮಿಷದ ಆಸುಪಾಸು ಇದ್ದರೆ 1988ರ ರೀಮಿಕ್ಸ್ ಇರಬೇಕು ಅಥವಾ ಕತ್ತರಿ ಬಿದ್ದ ಇನ್ಯಾವುದೋ ರೂಪ.

ನ್ಯೂ ಆರ್ಡರ್‌ನ 1987ರ 'ಸಬ್‌ಸ್ಟನ್ಸ್' ಹುಟ್ಟಿದ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ಫ್ಯಾಕ್ಟರಿ ರೆಕಾರ್ಡ್ಸ್‌ನ ಟೋನಿ ವಿಲ್ಸನ್ ಹೊಸ ಜಾಗ್ವಾರ್ ಕಾರು ಕೊಂಡಿದ್ದ, ಅದರಲ್ಲಿ ಸಿಡಿ ಪ್ಲೇಯರ್ ಇತ್ತು, ಬ್ಯಾಂಡಿನ ಸಿಂಗಲ್‌ಗಳನ್ನೆಲ್ಲ ಒಟ್ಟಿಗೆ ಕಾರಿನಲ್ಲಿ ಕೇಳಬೇಕೆನಿಸಿತು, ಅದಕ್ಕೇ ಈ ಸಂಕಲನ ಅಂತ. ಕಥೆ ಹೇಗೇ ಇರಲಿ, ಹನ್ನೆರಡಿಂಚಿನ ರೂಪಗಳನ್ನು ಒಂದೇ ಕಡೆ ತಂದದ್ದು ದೊಡ್ಡ ಉಪಕಾರ. ಆದರೆ ಹುಷಾರು: 'ಟೆಂಪ್ಟೇಷನ್' ಮತ್ತು 'ಕನ್‌ಫ್ಯೂಷನ್' ಎರಡನ್ನೂ ಈ ಸಂಕಲನಕ್ಕೆಂದೇ ಮತ್ತೆ ರೆಕಾರ್ಡ್ ಮಾಡಿದ್ದಾರೆ. 1982ರ ಮೂಲ 'ಟೆಂಪ್ಟೇಷನ್' ಬೇಕೆಂದರೆ ಮೂಲ ಸಿಂಗಲ್ ಹುಡುಕಬೇಕು. ಮುಂದಿನ ವರ್ಷ ಬಂದ ಜಾಯ್ ಡಿವಿಷನ್‌ನ 'ಸಬ್‌ಸ್ಟನ್ಸ್' ಇದರ ಜೋಡಿ. 'ಲವ್ ವಿಲ್ ಟೇರ್ ಅಸ್ ಅಪಾರ್ಟ್' ಸಿಗುವುದು ಅದರಲ್ಲಿ.

ದ ಪೊಲೀಸ್‌ನ 1986ರ ಸಿಂಗಲ್ಸ್ ಸಂಕಲನದಲ್ಲಿ 'ಡೋಂಟ್ ಸ್ಟ್ಯಾಂಡ್ ಸೋ ಕ್ಲೋಸ್ ಟು ಮಿ' ಪಕ್ಕ '86' ಎಂದು ಬರೆದಿರುವುದು ಸುಮ್ಮನೆ ಅಲ್ಲ. ಹಳೆ ಹಾಡುಗಳನ್ನು ಹೊಸದಾಗಿ ಮಾಡೋಣವೆಂದು ಮೂವರೂ ಸ್ಟುಡಿಯೋ ಸೇರಿದ್ದರು, ಡ್ರಮ್ಮರ್ ಸ್ಟುವರ್ಟ್ ಕೋಪ್ಲೆಂಡ್ ಕುದುರೆಯಿಂದ ಬಿದ್ದು ಕಾಲರ್ ಬೋನ್ ಮುರಿದುಕೊಂಡರು, ಕೊನೆಗೆ ಸಂಕಲನಕ್ಕೆ ದಕ್ಕಿದ್ದು ಈ ಒಂದೇ ಮರುರೂಪ. ಒಮ್ಮೆ ಕೇಳಿ, ಮೂಲದ ಬಳಿಗೆ ವಾಪಸು ಹೋಗಿ. ಎಕೋ ಅಂಡ್ ದ ಬನ್ನಿಮೆನ್‌ನ 1985ರ 'ಸಾಂಗ್ಸ್ ಟು ಲರ್ನ್ ಅಂಡ್ ಸಿಂಗ್'ನಲ್ಲಿ ಇನ್ನೊಂದು ಉಪಾಯ ಇದೆ: ಹಳೆಯವುಗಳ ನಡುವೆ ಒಂದೇ ಒಂದು ಹೊಸ ಹಾಡು, 'ಬ್ರಿಂಗ್ ಆನ್ ದ ಡಾನ್ಸಿಂಗ್ ಹಾರ್ಸಸ್'. ಎಲ್ಲ ಆಲ್ಬಂ ಇರುವವರೂ ಕೊಳ್ಳಲಿ ಅಂತ. ಆ ಹಾಡು ಆ ದುಡ್ಡಿಗೆ ಮೋಸ ಮಾಡುವುದಿಲ್ಲ.

ಹೆಜ್ಜೆ 4: ಕ್ಯಾಸೆಟ್ಟೋ, ಎಲ್‌ಪಿಯೋ, ಸಿಡಿಯೋ

ಇದಕ್ಕೆ ಕ್ಯೂರ್ ಬ್ಯಾಂಡೊಂದೇ ಸಾಕು. 1986ರ ಅವರ ಸಿಂಗಲ್ಸ್ ಸಂಕಲನ ಎಲ್‌ಪಿಯಲ್ಲಿ 'ಸ್ಟ್ಯಾಂಡಿಂಗ್ ಆನ್ ಎ ಬೀಚ್', 13 ಹಾಡು. ಸಿಡಿಯಲ್ಲಿ ಹೆಸರೇ ಬೇರೆ, 'ಸ್ಟೇರಿಂಗ್ ಅಟ್ ದ ಸೀ', 17 ಹಾಡು. ಕ್ಯಾಸೆಟ್ಟಿನಲ್ಲಿ ಎಲ್‌ಪಿಯ 13 ಹಾಡು ಒಂದು ಬದಿಗೆ, ಬೇರೆಲ್ಲೂ ಸುಲಭವಾಗಿ ಸಿಗದಿದ್ದ 12 ಬಿ-ಸೈಡ್ ಇನ್ನೊಂದು ಬದಿಗೆ. ಮೂರಕ್ಕೂ ಕವರಿನಲ್ಲಿ ಅದೇ ಮುದುಕನ ಸುಕ್ಕುಗಟ್ಟಿದ ಮುಖ. 1984ರ ಲೈವ್ ಆಲ್ಬಂ 'ಕನ್ಸರ್ಟ್' ಕೂಡ ಹಾಗೆಯೇ. ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ 1977ರಿಂದ 84ರವರೆಗಿನ ಚಿಲ್ಲರೆ ರೆಕಾರ್ಡಿಂಗ್‌ಗಳ ಒಂದು ಇಡೀ ಸಂಗ್ರಹ ಇತ್ತು. ಹಳೆ ಸಾಮಾನಿನ ರಾಶಿಯಲ್ಲಿ ಕ್ಯೂರ್ ಕ್ಯಾಸೆಟ್ ಕಂಡರೆ ಕ್ಯಾಸೆಟ್ ಪ್ಲೇಯರ್ ಇಲ್ಲವೆಂದು ಮುಂದೆ ಹೋಗಬೇಡಿ. ಆ ಬಿ-ಸೈಡ್‌ಗಳಷ್ಟೇ ಸಾಕು ಎನ್ನುವವರಿಗೆ 2004ರಲ್ಲಿ ಬಂದ 'ಜಾಯ್ನ್ ದ ಡಾಟ್ಸ್' ಬಾಕ್ಸ್ ಸೆಟ್ ಇದೆ.

ಹೆಜ್ಜೆ 5: ಲೈವ್ ಆಲ್ಬಂಗೆ ಮೂರು ಪ್ರಶ್ನೆ

ಯಾವ ರಾತ್ರಿ? ವೇದಿಕೆ ಮೇಲೆ ಯಾರಿದ್ದರು? ಆಮೇಲೆ ಎಷ್ಟು ತಿದ್ದಿದರು? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಕೇಳಿದರೆ ಅದೇ ಆಲ್ಬಂ ಬೇರೆಯಾಗಿ ಕೇಳುತ್ತದೆ. ಕಚೇರಿ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ತೋಡಿ ಅದೇ ವಿದ್ವಾಂಸರದ್ದಾದರೂ ಪಕ್ಕವಾದ್ಯ ಬದಲಾದರೆ ಸಂಜೆಯೇ ಬದಲಾಗುತ್ತದೆ.

ರಾಕ್ಸಿ ಮ್ಯೂಸಿಕ್‌ನ 'ವಿವಾ!' 1976ರಲ್ಲಿ, ಬ್ಯಾಂಡ್ ಬಿಡುವು ತೆಗೆದುಕೊಂಡಿದ್ದಾಗ ಬಂತು. ಒಂದೇ ರಾತ್ರಿಯ ಕಛೇರಿ ಎಂಬಂತೆ ಕೇಳುತ್ತದೆ, ಆದರೆ 1973ರ ಗ್ಲಾಸ್ಗೋ, 1974ರ ನ್ಯೂಕಾಸಲ್, 1975ರ ವೆಂಬ್ಲಿ, ಹೀಗೆ ಮೂರು ವರ್ಷದ ಮೂರು ಊರು. ಮೊದಲು ಬ್ಯಾಂಡಿನಲ್ಲಿದ್ದ ಈನೋ ಆಗಲೇ ಹೊರಹೋಗಿ ಎಡ್ಡಿ ಜಾಬ್ಸನ್ ಬಂದಿದ್ದರು. 'ಇಫ್ ದೇರ್ ಈಸ್ ಸಮ್‌ಥಿಂಗ್' ಹಾಡನ್ನು ಮೊದಲು 1972ರ ಆಲ್ಬಂನಲ್ಲಿ ಕೇಳಿ: ಆರೂವರೆ ನಿಮಿಷ, ತಮಾಷೆಯ ಹಳ್ಳಿಹಾಡಿನ ಧಾಟಿಯಲ್ಲಿ ಶುರುವಾಗಿ ಗೋಳಾಗಿ ಮುಗಿಯುತ್ತದೆ. ಆಮೇಲೆ 'ವಿವಾ!'ದಲ್ಲಿ ಕೇಳಿ. ಹತ್ತು ನಿಮಿಷ ದಾಟುತ್ತದೆ. ನಡುವೆ ವಾದ್ಯಗಳಿಗೆ ಬಿಟ್ಟುಕೊಟ್ಟ ಜಾಗದಲ್ಲಿ ಜಾಬ್ಸನ್‌ರ ವಯಲಿನ್ ಹಾಡನ್ನು ಎತ್ತಿಕೊಂಡು ಬೇರೆಲ್ಲಿಗೋ ಹೋಗುತ್ತದೆ, ಗಾಯಕ ಬ್ರಯಾನ್ ಫೆರಿ ವಾಪಸು ಬರುವ ಹೊತ್ತಿಗೆ ತಮಾಷೆ ಪೂರ್ತಿ ಮರೆತಿರುತ್ತದೆ. ಈನೋ ಇಲ್ಲದ ರಾಕ್ಸಿ ಸಪ್ಪೆ ಎನ್ನುವವರಿಗೆ ನಾನು ಕೊಡುವ ಉತ್ತರ ಈ ಹತ್ತು ನಿಮಿಷ. 1982ರ ಕೊನೆಯ ಹಂತದ ನಯವಾದ ರಾಕ್ಸಿ ಬೇಕಾದವರಿಗೆ ಎರಡು ದಾಖಲೆ ಇವೆ: ಗ್ಲಾಸ್ಗೋದಲ್ಲಿ ಮುದ್ರಿಸಿದ 'ದ ಹೈ ರೋಡ್' ಎಂಬ 1983ರ ಇಪಿ (ಕೆಲವೇ ಹಾಡಿನ ಚಿಕ್ಕ ರೆಕಾರ್ಡ್), ಮತ್ತು ಫ್ರಾನ್ಸಿನ ಫ್ರೇಝ್ಯೂನಲ್ಲಿ ಮುದ್ರಿಸಿ 1990ರಲ್ಲಿ ಬಿಟ್ಟ 'ಹಾರ್ಟ್ ಸ್ಟಿಲ್ ಬೀಟಿಂಗ್'. ನೀಲ್ ಯಂಗ್‌ರ 'ಲೈಕ್ ಎ ಹರಿಕೇನ್' ಹಾಡನ್ನು ಫೆರಿ ಎತ್ತಿಕೊಂಡ ಬಗೆಗಾಗಿ ಮೊದಲನೆಯದು ಸಾಕು.

ಇದೇ ಜಾಬ್ಸನ್ ಇನ್ನೊಂದು ಲೈವ್ ಆಲ್ಬಂನಲ್ಲಿ ಇದ್ದಾರೆ, ಅಲ್ಲಿ ಇಲ್ಲದೆಯೇ. ಕಿಂಗ್ ಕ್ರಿಮ್ಸನ್‌ನ 'ಯುಎಸ್ಎ' 1974ರ ಅಮೆರಿಕ ಪ್ರವಾಸದ ರೆಕಾರ್ಡಿಂಗ್, 1975ರಲ್ಲಿ ಬಂತು. ವೇದಿಕೆಯಲ್ಲಿ ವಯಲಿನ್ ನುಡಿಸಿದ್ದು ಡೇವಿಡ್ ಕ್ರಾಸ್. ಆಲ್ಬಂನ ಕೆಲವು ಭಾಗಗಳಲ್ಲಿ ಕೇಳಿಸುವ ವಯಲಿನ್ ಮತ್ತು ಪಿಯಾನೋ ಮಾತ್ರ ಆಮೇಲೆ ಸ್ಟುಡಿಯೋದಲ್ಲಿ ಜಾಬ್ಸನ್ ನುಡಿಸಿದ್ದು. ಇದಕ್ಕೆ ಪೂರ್ತಿ ತದ್ವಿರುದ್ಧ ಅದೇ ಬ್ಯಾಂಡಿನ 1972ರ 'ಅರ್ತ್‌ಬೌಂಡ್': ಕ್ಯಾಸೆಟ್ಟಿಗೆ ಹಿಡಿದದ್ದು, ತಿದ್ದಿಲ್ಲ, ಕಿವಿಗೆ ಮರಳು ಕಾಗದ ಉಜ್ಜಿದಂಥ ಸದ್ದು. ಅಭಿಮಾನಿಗಳಲ್ಲೂ ಅದನ್ನು ಪೂರ್ತಿ ಕೇಳುವವರು ಕಡಿಮೆ.

ತಿದ್ದುವುದು ಪಾಪವೇ? ನಾನು ಹಾಗೆ ಹೇಳುವುದಿಲ್ಲ. ಪೀಟರ್ ಗೇಬ್ರಿಯಲ್ 1983ರ 'ಪ್ಲೇಸ್ ಲೈವ್' ಕವರಿನಲ್ಲೇ, ಕೆಲವು ಭಾಗ ಮನೆಯ ಹತ್ತಿರ ಕೂತು ಮತ್ತೆ ಮುದ್ರಿಸಿದ್ದೇವೆ, ಈ ಕೆಲಸಕ್ಕೆ ಲೋಕದಲ್ಲಿ ಮೋಸ ಎಂಬ ಹೆಸರಿದೆ ಅಂತ ನಗುತ್ತಾ ಬರೆಸಿದ್ದಾರೆ. ಹಿಂಬದಿ ಓದದವರಿಗೆ ಇದು ಸಿಗುವುದಿಲ್ಲ. ಜಪಾನ್‌ನ 'ಆಯಿಲ್ ಆನ್ ಕ್ಯಾನ್ವಾಸ್' ಈ ದಾರಿಯಲ್ಲಿ ಇನ್ನೂ ದೂರ ಹೋಯಿತು. 1982ರ ನವೆಂಬರಿನಲ್ಲಿ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ನಡೆದ ಕೊನೆಯ ಪ್ರವಾಸದ ಕಾರ್ಯಕ್ರಮಗಳು ಅದರ ಮೂಲ, ಬಿಡುಗಡೆ 1983ರ ಜೂನ್. ಅಷ್ಟರಲ್ಲಿ ಬ್ಯಾಂಡ್ ಒಡೆದಿತ್ತು. ಸ್ಟುಡಿಯೋದಲ್ಲಿ ಬಹಳ ಕೆಲಸ ನಡೆದಿದೆ. ಜೊತೆಗೆ ಮೂರು ಹೊಸ ವಾದ್ಯಕೃತಿಗಳನ್ನು ನಡುನಡುವೆ ಇಟ್ಟಿದ್ದಾರೆ. ಕವರಿಗೆ ಫ್ರಾಂಕ್ ಆವರ್‌ಬಾಕ್‌ನ ತೈಲಚಿತ್ರ. ಬ್ರಿಟಿಷ್ ಚಾರ್ಟಿನಲ್ಲಿ 5ನೇ ಸ್ಥಾನ, ಬ್ಯಾಂಡಿನ ಬೇರಾವ ಆಲ್ಬಂ ಅಷ್ಟು ಮೇಲೆ ಹೋಗಿಲ್ಲ. ಜನಜಂಗುಳಿಯ ಉತ್ಸಾಹ ಹುಡುಕಿದರೆ ಇಲ್ಲಿ ನಿರಾಸೆ. ಹೆಡ್‌ಫೋನ್ ಹಾಕಿ, ಮಿಕ್ ಕಾರ್ನ್‌ರ ಫ್ರೆಟ್‌ಲೆಸ್ ಬಾಸ್ ಹಾವಿನಂತೆ ಸ್ಟೀವ್ ಜಾನ್ಸನ್‌ರ ಡ್ರಮ್ಸ್ ಸುತ್ತ ಹರಿಯುವುದನ್ನು ಹಿಂಬಾಲಿಸಿ. ಸಂಕಲನವೂ ಹೌದು, ಲೈವ್ ಕೂಡ ಹೌದು, ಬೀಳ್ಕೊಡುಗೆಯೂ ಹೌದು ಎನ್ನುವಂಥ ಆಲ್ಬಂ. ಜಪಾನ್ ಕೇಳಲು ಶುರುಮಾಡುವವರಿಗೆ ನಾನು ಮೊದಲು ಕೊಡುವುದು ಇದನ್ನೇ.

ಯಾರು ನುಡಿಸಿದರು ಎಂಬ ಪ್ರಶ್ನೆಗೆ ಜಾನ್ ಮೆಕ್‌ಗಿಯಾಕ್ ಎಂಬ ಗಿಟಾರಿಸ್ಟನ ಹಾದಿ ಹಿಡಿಯಿರಿ. ಮ್ಯಾಗಝೀನ್‌ನ ಮೊದಲ ಮೂರು ಆಲ್ಬಂಗಳ ಗಿಟಾರ್ ಇವರದು. ಆದರೆ 1980ರ ಸೆಪ್ಟೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಮುದ್ರಿಸಿದ ಲೈವ್ ಆಲ್ಬಂ 'ಪ್ಲೇ' ಹೊತ್ತಿಗೆ ಅವರು ಹೊರಬಿದ್ದಿದ್ದರು. ಅಲ್ಲಿ ನುಡಿಸಿದ್ದು ಅಲ್ಟ್ರಾವಾಕ್ಸ್‌ನಲ್ಲಿದ್ದ ರಾಬಿನ್ ಸೈಮನ್. ಮೆಕ್‌ಗಿಯಾಕ್ ಬ್ಯಾನ್‌ಶೀಸ್ ಸೇರಿ 'ಜುಜು' ಮಾಡಿದರು, 1982ರಲ್ಲಿ ಅಲ್ಲಿಂದಲೂ ಹೋದರು. 1983ರ ಸೆಪ್ಟೆಂಬರ್ 30 ಮತ್ತು ಅಕ್ಟೋಬರ್ 1ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ 'ನಾಕ್ಟರ್ನ್' ಮುದ್ರಿಸಿದಾಗ ಅವರ ಜಾಗದಲ್ಲಿ ನಿಂತದ್ದು ಕ್ಯೂರ್‌ನ ರಾಬರ್ಟ್ ಸ್ಮಿತ್. ಹೀಗೆ ಒಬ್ಬರ ಬೆರಳಿಗೆ ಹುಟ್ಟಿದ ಗಿಟಾರನ್ನು ಎರಡು ಬ್ಯಾಂಡುಗಳ ಲೈವ್ ಆಲ್ಬಂಗಳಲ್ಲೂ ಬೇರೆಯವರು ನುಡಿಸಿದ್ದಾರೆ. 'ನಾಕ್ಟರ್ನ್' ಶುರುವಿನಲ್ಲಿ ಸ್ಟ್ರಾವಿನ್‌ಸ್ಕಿಯ 'ರೈಟ್ ಆಫ್ ಸ್ಪ್ರಿಂಗ್' ಟೇಪಿನಲ್ಲಿ ಮೊಳಗುತ್ತದೆ, ಅದು ಕರಗುತ್ತಿದ್ದಂತೆ 'ಇಸ್ರೇಲ್' ಏಳುತ್ತದೆ. ಆಲ್ಬಂಗೆ ಸೇರದ ಒಂದು ಸಿಂಗಲ್‌ನಿಂದ ಕಾರ್ಯಕ್ರಮ ಶುರುಮಾಡುವ ಧೈರ್ಯ ನೋಡಿ. ಎರಡನೆಯ ಡಿಸ್ಕಿನ ಕೊನೆಯ 'ವೂಡೂ ಡಾಲಿ'ಯಲ್ಲಿ ಸ್ಮಿತ್ ಮೆಕ್‌ಗಿಯಾಕ್‌ರನ್ನು ಅನುಕರಿಸುವ ಗೋಜಿಗೆ ಹೋಗದೆ ತಮ್ಮದೇ ಮಂಜು ಹರಡುತ್ತಾರೆ. ಯಾವುದು ಹೆಚ್ಚು ಎಂಬ ಜಗಳ ಅಭಿಮಾನಿಗಳಿಗೆ ಬಿಟ್ಟದ್ದು. ನನ್ನ ಓಟು ಮೆಕ್‌ಗಿಯಾಕ್‌ಗೆ.

801 ಎಂಬ ಹೆಸರಿನಲ್ಲಿ ರಾಕ್ಸಿ ಮ್ಯೂಸಿಕ್ ಗಿಟಾರಿಸ್ಟ್ ಫಿಲ್ ಮ್ಯಾನ್ಜನೀರಾ, ಈನೋ ಮತ್ತಿತರರು ಸೇರಿ 1976ರ ಸೆಪ್ಟೆಂಬರ್ 3ರಂದು ಲಂಡನ್ನಿನ ಕ್ವೀನ್ ಎಲಿಝಬೆತ್ ಹಾಲ್‌ನಲ್ಲಿ ಮುದ್ರಿಸಿದ '801 ಲೈವ್' ಅನ್ನು ಬಿಡಬೇಡಿ. ವಾದ್ಯಗಳ ಸದ್ದನ್ನು ಮೈಕಿನ ಬದಲು ನೇರವಾಗಿ ಮಿಕ್ಸರಿಗೆ ಕೊಟ್ಟ ಕಾರಣ ಆ ಕಾಲದ ಲೈವ್ ಆಲ್ಬಂಗಳಲ್ಲಿ ಕಾಣದ ಶುಭ್ರತೆ ಇದಕ್ಕಿದೆ. ಬೀಟಲ್ಸ್‌ನ 'ಟುಮಾರೋ ನೆವರ್ ನೋಸ್' ಇಲ್ಲಿ 'ಟಿಎನ್‌ಕೆ' ಎಂಬ ಹೆಸರಲ್ಲಿ ಅಡಗಿದೆ.

ವೈರ್‌ನ 'ಡಾಕ್ಯುಮೆಂಟ್ ಅಂಡ್ ಐವಿಟ್ನೆಸ್' ಬಗ್ಗೆ ಒಂದು ಎಚ್ಚರಿಕೆ. 1980ರ ಫೆಬ್ರವರಿ 29ರ ಆ ಲಂಡನ್ ರಾತ್ರಿ ಅವರು ಜನಪ್ರಿಯ ಹಾಡುಗಳನ್ನು ಪಕ್ಕಕ್ಕಿಟ್ಟು ವಿಚಿತ್ರ ರಂಗಪ್ರಯೋಗ ನಡೆಸಿದರು, ಸಭಿಕರು ಕೂಗಾಡಿದರು, ಆ ಕೂಗಾಟವೂ ರೆಕಾರ್ಡಿನಲ್ಲಿದೆ. ವೈರ್‌ನ ಮೂರು ಆಲ್ಬಂ ಕೇಳದೆ ಇದಕ್ಕೆ ಕೈ ಹಾಕಬೇಡಿ.

ಇನ್ನು ಯಾವ ರಾತ್ರಿ ಎಂಬುದು ಮೈ ಜುಮ್ಮೆನಿಸುವ ಆಲ್ಬಂ ಜಾಯ್ ಡಿವಿಷನ್‌ನ 'ಸ್ಟಿಲ್'. 1981ರಲ್ಲಿ ಬಂದ ಈ ಜೋಡಿ ಎಲ್‌ಪಿಯ ಎರಡನೆಯ ಡಿಸ್ಕು 1980ರ ಮೇ 2ರಂದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಅವರು ಕೊಟ್ಟ ಕೊನೆಯ ಕಾರ್ಯಕ್ರಮ. ಹದಿನಾರು ದಿನದ ಮೇಲೆ ಬ್ಯಾಂಡಿನ ಗಾಯಕ ಇಯಾನ್ ಕರ್ಟಿಸ್ ಬದುಕಿರಲಿಲ್ಲ. ಅಲ್ಲಿ 'ಸೆರಮನಿ' ಕೇಳಿ: ಆರಂಭದಲ್ಲಿ ದನಿ ಸರಿಯಾಗಿ ಹಿಡಿದೇ ಇಲ್ಲ, ವಾದ್ಯಗಳ ಹಿಂದೆಲ್ಲೋ ಇದೆ, ಆಮೇಲೆ ಮುಂದಕ್ಕೆ ಬರುತ್ತದೆ. ಉಳಿದ ಮೂವರು ನ್ಯೂ ಆರ್ಡರ್ ಆಗಿ ಮೊದಲು ಹೊರತಂದ ಸಿಂಗಲ್ ಇದೇ ಹಾಡು. ರೆಕಾರ್ಡಿಂಗ್ ಗುಣಮಟ್ಟ ನೋಡಿ ಅಂಕ ಕೊಡುವವರಿಗೆ 'ಸ್ಟಿಲ್' ಅಲ್ಲ.

ಹೆಜ್ಜೆ 6: ಬಿಬಿಸಿ ಎಂದು ಬರೆದಿದ್ದರೆ ನಿಲ್ಲಿ

ರೇಡಿಯೋದಲ್ಲಿ ದಿನಕ್ಕೆ ಇಷ್ಟೇ ಹೊತ್ತು ರೆಕಾರ್ಡ್ ಹಾಕಬಹುದು ಎಂಬ ಒಪ್ಪಂದ ಬಿಬಿಸಿಗೂ ಸಂಗೀತಗಾರರ ಸಂಘ ಹಾಗೂ ರೆಕಾರ್ಡ್ ಕಂಪನಿಗಳಿಗೂ ನಡುವೆ ಬಹುಕಾಲ ಇತ್ತು. ಉಳಿದ ಹೊತ್ತು ತುಂಬಲು ಬ್ಯಾಂಡುಗಳನ್ನು ಕರೆಸಿ ಹೊಸದಾಗಿ ನುಡಿಸಬೇಕಾಗಿತ್ತು. ಬಿಬಿಸಿ ರೇಡಿಯೋ ನಿರೂಪಕ ಜಾನ್ ಪೀಲ್ ಕಾರ್ಯಕ್ರಮದ ಸೆಷನ್ ಎಂದರೆ ಸಾಮಾನ್ಯವಾಗಿ ಒಂದೇ ದಿನದಲ್ಲಿ ನಾಲ್ಕು ಹಾಡು, ಮಿಕ್ಸ್ ಸಮೇತ. ತಿದ್ದಿ ತೀಡಲು ಸಮಯವೇ ಇಲ್ಲ, ಅದೇ ಅದರ ರುಚಿ. ದ ಸ್ಮಿತ್ಸ್‌ನ 1984ರ 'ಹ್ಯಾಟ್‌ಫುಲ್ ಆಫ್ ಹಾಲೋ' ಇಂಥ ಸೆಷನ್‌ಗಳನ್ನೂ ಸಿಂಗಲ್‌ಗಳನ್ನೂ ಬೆರೆಸಿದ ಸಂಕಲನ, 3.99 ಪೌಂಡಿಗಿಂತ ಹೆಚ್ಚು ಕೊಡಬೇಡಿ ಎಂದು ಕವರಿನಲ್ಲೇ ಅಚ್ಚು ಹಾಕಿದ್ದರು. ಅದರ ರೇಡಿಯೋ ರೂಪಗಳು ಮೊದಲ ಆಲ್ಬಂಗಿಂತ ಜೀವಂತ ಎಂದು ವಾದಿಸುವವರ ಸಾಲಿನಲ್ಲಿ ನಾನೂ ಇದ್ದೇನೆ.

ಎಕ್ಸ್‌ಟಿಸಿ ವಿಷಯದಲ್ಲಂತೂ ಬಿಬಿಸಿ ಟೇಪುಗಳೇ ಗತಿ. ಗಾಯಕ ಆಂಡಿ ಪಾರ್ಟ್ರಿಜ್‌ರಿಗೆ ವೇದಿಕೆಯ ಭಯ ಮಿತಿಮೀರಿ 1982ರಲ್ಲಿ ಬ್ಯಾಂಡ್ ಪ್ರವಾಸವನ್ನೇ ನಿಲ್ಲಿಸಿತು. ಆಮೇಲೆ ಹತ್ತು ವರ್ಷ ಆಲ್ಬಂ ಮಾಡಿದರೂ ಆ ಹಾಡುಗಳಿಗೆ ವೇದಿಕೆಯ ರೂಪ ಹುಟ್ಟಲಿಲ್ಲ. 1998ರ 'ಟ್ರಾನ್ಸಿಸ್ಟರ್ ಬ್ಲಾಸ್ಟ್' ಎಂಬ ನಾಲ್ಕು ಡಿಸ್ಕಿನ ಪೆಟ್ಟಿಗೆಯಲ್ಲಿ ಬಿಬಿಸಿ ಸೆಷನ್‌ಗಳೂ ಹಳೆಯ ಕಾರ್ಯಕ್ರಮಗಳೂ ಇವೆ. ಸಿಂಗಲ್‌ಗಳಿಗೆ 1982ರ 'ವ್ಯಾಕ್ಸ್‌ವರ್ಕ್ಸ್', ಅದರ ಜೋಡಿ ಬಿ-ಸೈಡ್ ಸಂಕಲನ 'ಬೀಸ್‌ವ್ಯಾಕ್ಸ್'. ಪೂರ್ತಿ ಬೇಕಾದರೆ 1996ರ 'ಫಾಸಿಲ್ ಫ್ಯುಯೆಲ್'.

ಹೆಜ್ಜೆ 7: ಕೇಳುವ ಕ್ರಮ

ಸಿಂಗಲ್ಸ್ ಸಂಕಲನ ಮೊದಲು, ಆಮೇಲೆ ಒಂದೆರಡು ಸ್ಟುಡಿಯೋ ಆಲ್ಬಂ, ಆಮೇಲೆ ಲೈವ್. ಲೈವ್ ಆಲ್ಬಂ ಕೇಳುವಾಗ ಒಂದು ಹಾಡನ್ನಷ್ಟೇ ಆರಿಸಿ ಸ್ಟುಡಿಯೋ ರೂಪದ ಬೆನ್ನಿಗೇ ಹಾಕಿ. ಇಡೀ ಆಲ್ಬಂ ಒಂದರ ಮೇಲೊಂದು ಹಾಕಿದರೆ ಕಿವಿ ಸೋಲುತ್ತದೆ. ಕ್ಯೂರ್‌ಗೆ 1989ರ ವೆಂಬ್ಲಿಯಲ್ಲಿ ಮುದ್ರಿಸಿದ 'ಎಂಟ್ರೀಟ್' ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು, ಅದರ ಎಲ್ಲ ಹಾಡೂ 'ಡಿಸಿಂಟಿಗ್ರೇಷನ್' ಒಂದರದ್ದೇ. 1993ರ 'ಶೋ' ಮತ್ತು 'ಪ್ಯಾರಿಸ್' ಎರಡೂ 1992ರ ಪ್ರವಾಸದವು. ಹಿಟ್ ಬೇಕಾದರೆ ಮೊದಲನೆಯದು, ಕತ್ತಲು ಬೇಕಾದರೆ ಎರಡನೆಯದು. ಟಾಕ್ ಟಾಕ್‌ಗೆ ಮಾತ್ರ ಕ್ರಮ ತಿರುಗಿಸಿ: 1986ರ ಮೇ 8ರಂದು ಹ್ಯಾಮರ್‌ಸ್ಮಿತ್‌ನಲ್ಲಿ ಮುದ್ರಿಸಿ 1999ರಲ್ಲಿ ಬಿಟ್ಟ 'ಲಂಡನ್ 1986' ಕೇಳಿದ ಮೇಲೆ 'ಸ್ಪಿರಿಟ್ ಆಫ್ ಈಡನ್'ಗೆ ಹೋಗಿ. ಆ ವರ್ಷದ ನಂತರ ಅವರು ಪ್ರವಾಸ ಹೋಗಲೇ ಇಲ್ಲ. 'ಟುಮಾರೋ ಸ್ಟಾರ್ಟೆಡ್' ಹಾಡಿನ ಲೈವ್ ರೂಪದಲ್ಲಿ ಸದ್ದುಗಳ ನಡುವೆ ಬಿಟ್ಟ ಜಾಗ ಗಮನಿಸಿದರೆ ಮುಂದಿನ ತಿರುವು ಆಕಾಶದಿಂದ ಬಿದ್ದದ್ದಲ್ಲ ಎಂದು ಗೊತ್ತಾಗುತ್ತದೆ.

ನಮ್ಮ ದೇಶದ ನಂಟು ಹುಡುಕುವವರಿಗೆ ಒಂದು ಮಾತು: ದ ಪೊಲೀಸ್ 1980ರಲ್ಲಿ ಬಾಂಬೆಗೆ ಬಂದು ನುಡಿಸಿ ಹೋಗಿದ್ದರು. 1995ರ ಜೋಡಿ ಲೈವ್ ಆಲ್ಬಂನಲ್ಲಿ ಮಾತ್ರ ಇರುವುದು 1979ರ ಬಾಸ್ಟನ್ ಮತ್ತು 1983ರ ಅಟ್ಲಾಂಟಾ. ಮೊದಲ ಡಿಸ್ಕಿನ ಬಾಸ್ಟನ್ ಬ್ಯಾಂಡೇ ಬಾಂಬೆ ಕಂಡ ಬ್ಯಾಂಡಿಗೆ ಹತ್ತಿರ: ಮೂವರೇ, ಹಸಿ ಸದ್ದು, ಅವಸರದ ಲಯ.

ಹೆಜ್ಜೆ 8: ಕೊಳ್ಳುವಾಗ

ಹಳೆಯ ಎಲ್‌ಪಿ ಕೊಳ್ಳುವುದಾದರೆ ಕವರಿನಿಂದ ತೆಗೆಸಿ, ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ, ಕಣ್ಣಿನ ಮಟ್ಟಕ್ಕೆ ತಂದು ಬಾಗಿದೆಯೇ ನೋಡಿ. ಜೋಡಿ ಆಲ್ಬಂ ಆದರೆ ಎರಡೂ ಡಿಸ್ಕ್ ಅದೇ ಆಲ್ಬಂನವೇ ಎಂದು ಲೇಬಲ್ ಓದಿ, ಅದಲುಬದಲಾಗಿರುವುದು ಅಪರೂಪವಲ್ಲ. ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ಖಾಲಿ ಜಾಗದಲ್ಲಿ ಕೆತ್ತಿದ ಅಕ್ಷರ ಮತ್ತು ಅಂಕಿ ಓದಿದರೆ ಯಾವ ಮುದ್ರಣ ಎಂದು ಪತ್ತೆ ಹಚ್ಚಬಹುದು. ಕೆಲವೊಮ್ಮೆ ಅಲ್ಲಿ ತಮಾಷೆಯೂ ಇರುತ್ತದೆ. 'ಸ್ಟಿಲ್'ನ ಮೊದಲ ಬದಿಯಲ್ಲಿ ಕೋಳಿ ನಿಲ್ಲುವುದಿಲ್ಲ ಎಂಬರ್ಥದ ಸಾಲು ಕೆತ್ತಿದ್ದಾರೆ, ನಡುವಿನ ಎರಡು ಬದಿಯಲ್ಲಿ ಕೋಳಿಯ ಹೆಜ್ಜೆ ಗುರುತು, ನಾಲ್ಕನೆಯದರಲ್ಲಿ ಕೋಳಿ ಇಲ್ಲಿ ನಿಲ್ಲುತ್ತದೆ ಎಂದು.

ಸ್ಟ್ರೀಮಿಂಗ್‌ನಲ್ಲಿ ಹುಡುಕುವಾಗ ಬ್ಯಾಂಡಿನ ಹೆಸರಿನ ಮುಂದೆ ಊರು, ವರ್ಷ, 'ಲೈವ್ ಬ್ರಾಡ್‌ಕಾಸ್ಟ್' ಎಂದಿರುವ, ಹೆಸರು ಕೇಳದ ಲೇಬಲ್ಲಿನ ಆಲ್ಬಂಗಳು ಎದುರಾಗುತ್ತವೆ. ಹಳೆಯ ರೇಡಿಯೋ ಪ್ರಸಾರದಿಂದ ಇಳಿಸಿಕೊಂಡವು ಇವು, ಬ್ಯಾಂಡಿನ ಕೈ ಇದರಲ್ಲಿ ಇರುವುದಿಲ್ಲ. ಬ್ಯಾಂಡಿನ ಸ್ವಂತ ಪುಟದ ಡಿಸ್ಕಾಗ್ರಫಿಯಲ್ಲಿ ಆ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ, ಅದೇ ಕಾರ್ಯಕ್ರಮ ಅಧಿಕೃತವಾಗಿ ಬೇರೆ ಹೆಸರಲ್ಲಿ ಬಂದಿದೆಯೇ ಎಂದು ದಿನಾಂಕ ಮತ್ತು ಊರು ಹಾಕಿ ಹುಡುಕಿ. ಎಷ್ಟೋ ಸಲ ಬಂದಿರುತ್ತದೆ, ಸದ್ದೂ ಇದಕ್ಕಿಂತ ಚೆನ್ನಾಗಿರುತ್ತದೆ.